ಮೇಲ್ಮೈ ಹೊಂದಿತು, ಆಳ ಹೊಂದಲಿಲ್ಲ

ಮೂರು ದಿನದಿಂದ ಒಂದೇ ನಕ್ಷೆಯ ಮುಂದೆ ಕೂತಿದ್ದೇನೆ. ದಕ್ಷಿಣ ಮಹಾಸಾಗರದ ಬೇಸಿಗೆಯ ಕ್ಲೋರೋಫಿಲ್, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಸಸ್ಯ ಪ್ಲಾಂಕ್ಟನ್ನಿನ ಹಸಿರು: ಎಡಕ್ಕೆ ಉಪಗ್ರಹ ಕಂಡದ್ದು, ಬಲಕ್ಕೆ ನಮ್ಮ ಕಂಪ್ಯೂಟರ್ ಹವಾಗುಣ ಮಾದರಿ ಕೊಟ್ಟದ್ದು. ಮೊದಲ ನೋಟಕ್ಕೆ ಅವಳಿಗಳಂತಿದ್ದವು. ನಿಜಕ್ಕೂ ಖುಷಿಯಾಗಿತ್ತು.

ಆಮೇಲೆ ಆಳಕ್ಕಿಳಿದೆ. ಸಾಗರದಲ್ಲಿ ತೇಲಾಡುವ ಅಳತೆ ಯಂತ್ರಗಳಾದ ಆರ್ಗೋ ಫ್ಲೋಟ್‌ಗಳು ಸುಮಾರು 10 ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೇರುತ್ತ ನೀರಿನ ಉಷ್ಣತೆ, ಉಪ್ಪಿನಂಶ ಅಳೆಯುತ್ತವೆ. ಕೆಲವು ಆಮ್ಲಜನಕ, ನೈಟ್ರೇಟ್‌ಗಳನ್ನೂ. ಅವುಗಳ ಪಕ್ಕಕ್ಕಿಟ್ಟು ನೋಡಿದರೆ ನಮ್ಮ ಮಾದರಿಯಲ್ಲಿ ಚಳಿಗಾಲದ ಮಿಶ್ರ ಪದರ (ಕಲಕಿ ಒಂದಾಗುವ ಮೇಲಿನ ನೀರಿನ ಪದರ) ತೀರಾ ತೆಳು. ಅಲ್ಲಿನ ಸಸ್ಯ ಪ್ಲಾಂಕ್ಟನ್‌ಗೆ ಸದಾ ಕೊರತೆಯಿರುವುದು ಕಬ್ಬಿಣದ್ದು. ನೀರು ಆಳದವರೆಗೆ ಕಲಕದಿದ್ದರೆ ಆ ಕಬ್ಬಿಣ ಮೇಲೆ ಬರುವುದೇ ಕಡಿಮೆ. ಹಾಗಿದ್ದೂ ಕ್ಲೋರೋಫಿಲ್ ಸರಿಬಂದದ್ದು ಹೇಗೆ? ಕೋಡ್ ಕೆದಕಿದಾಗ ಸಿಕ್ಕಿತು: ಸಸ್ಯ ಪ್ಲಾಂಕ್ಟನ್ ಮೇಯುವ ಜೀವಿಗಳ ಹಸಿವನ್ನು ಯಾರೋ ಹಿಂದೆಯೇ ತಗ್ಗಿಸಿಟ್ಟಿದ್ದರು. ಎರಡು ತಪ್ಪು ಸೇರಿ ಒಂದು ಸರಿಯುತ್ತರ.

ಇದು ನನ್ನನ್ನು ನಿದ್ದೆಗೆಡಿಸುತ್ತದೆ. ಸಾಗರ ಬಿಸಿಯಾದಂತೆ ಮಿಶ್ರ ಪದರ ಬದಲಾಗುತ್ತದೆ, ಆಗ ಈ ತಪ್ಪುಗಳು ಒಂದನ್ನೊಂದು ಸರಿದೂಗಿಸುತ್ತವೆಂಬ ಭರವಸೆ ಎಲ್ಲಿದೆ? ಮಾದರಿಗಳು ಬದಲಾವಣೆಯನ್ನು ಸರಿಯಾಗಿ ಹಿಡಿಯದ ಉದಾಹರಣೆಯೂ ಇದೆ: 1960ರಿಂದೀಚೆಗೆ ಸಾಗರ ಕಳೆದುಕೊಂಡ ಆಮ್ಲಜನಕ ಸುಮಾರು ಶೇ. 2 ಎನ್ನುತ್ತವೆ ಅಳತೆಗಳು; ಮಾದರಿಗಳು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ತೋರಿಸುತ್ತವೆ.

ಇವತ್ತು ಬೆಳಿಗ್ಗೆ ಹಸಿವಿನ ಆ ಸಂಖ್ಯೆಯನ್ನು ಮೊದಲಿನಂತೆ ಮಾಡಿದೆ. ನಕ್ಷೆ ಹದಗೆಟ್ಟಿದೆ. ಈಗ ಲಂಬ ಮಿಶ್ರಣದ, ಅಂದರೆ ನೀರು ಮೇಲೆ ಕೆಳಗೆ ಕಲಕುವ, ಭಾಗದಿಂದ ತಿದ್ದಲು ಶುರುಮಾಡಿದ್ದೇನೆ.