ಗ್ಲೈಡರ್ ಎಳೆಯುವ ಕಲಿಕೆ: ಮೂರನೇ ಹಾರಾಟವೂ ಮುಗಿಯಿತು

ಶನಿವಾರ ಸಂಜೆ ಲಾಗ್‌ಬುಕ್‌ಗೆ ಈ ಅರ್ಹತೆಗೆ ಬೇಕಿದ್ದ ಎರಡನೇ ಸಹಿಯೂ ಬಿತ್ತು. ಇನ್ನು ಟೆಕ್ಸಾಸ್‌ನ ನಮ್ಮ ಕ್ಲಬ್ಬಿನ, ಎಂಜಿನ್ ಇಲ್ಲದ ಗ್ಲೈಡರ್‌ಗಳನ್ನು ನಾನೂ ವಿಮಾನಕ್ಕೆ ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗಬಹುದು. ಖುಷಿ ತಡೆಯಲಾಗುತ್ತಿಲ್ಲ.

ಹೋದ ಸಲ ಬರೆದಾಗ ಗಂಟೆಗಳ ಲೆಕ್ಕದಲ್ಲೇ ಸಿಕ್ಕಿಕೊಂಡಿದ್ದೆ. ಅಮೆರಿಕದ ವಿಮಾನಯಾನ ನಿಯಮ 61.69ರ ಪ್ರಕಾರ ಎಳೆಯುವ ಪೈಲಟ್‌ಗೆ ಅದೇ ವರ್ಗದ ವಿಮಾನದಲ್ಲಿ ಪೈಲಟ್ ಇನ್ ಕಮಾಂಡ್ (ಹಾರಾಟದ ಹೊಣೆ ಹೊತ್ತವ) ಆಗಿ 100 ಗಂಟೆ ಆಗಿರಬೇಕು. ನನ್ನದು ಒಟ್ಟು 129 ಇತ್ತು. ಲೈಸೆನ್ಸಿಗೆ ಮುಂಚೆ ಗುರುಗಳ ಜೊತೆ ಹಾರಿದ್ದನ್ನು ಕಳೆದರೆ ಉಳಿದದ್ದು 88. ಬಾಕಿ 12 ಗಂಟೆ ತುಂಬಿಸಲು ಇಡೀ ಬೇಸಿಗೆ ಹಿಡಿಯಿತು.

"ಎಷ್ಟು ಕೊಡ್ತಾರಪ್ಪಾ?" ಅಂತ ಅಮ್ಮ ಫೋನಿನಲ್ಲಿ ಕೇಳಿದರು. ಏನೂ ಇಲ್ಲ. ಪ್ರೈವೇಟ್ ಲೈಸೆನ್ಸ್ ಇರುವವರು ವಿಮಾನ ಹಾರಿಸಿ ಸಂಬಳ ತೆಗೆದುಕೊಳ್ಳುವಂತಿಲ್ಲ, ಅದಕ್ಕೆ ಕಮರ್ಷಿಯಲ್ ಲೈಸೆನ್ಸೇ ಬೇಕು. ಆದರೆ 61.69ರ ಷರತ್ತು ಪೂರೈಸಿದ ಪ್ರೈವೇಟ್ ಪೈಲಟ್ ಗ್ಲೈಡರ್ ಎಳೆಯಬಹುದು ಅಂತ 61.113ರಲ್ಲಿ ಒಂದು ಸಾಲಿದೆ. ನನಗೆ ಅಷ್ಟು ಸಾಕು.

ನೆಲದ ಪಾಠದಲ್ಲಿ ಮನಸ್ಸಿಗೆ ನಾಟಿದ್ದು ಹಗ್ಗ. ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಹಾಗಲ್ಲ. ಅದರ ಬಲ ಗ್ಲೈಡರ್‌ನ ಗರಿಷ್ಠ ತೂಕದ ಶೇ. 80ಕ್ಕಿಂತ ಕಡಿಮೆ ಇರಬಾರದು, ಎರಡು ಪಟ್ಟು ಮೀರಲೂಬಾರದು. ನಮ್ಮ ಶ್ವೈಟ್ಸರ್ 2-33 ಗ್ಲೈಡರ್‌ನ ಗರಿಷ್ಠ ತೂಕ 1,040 ಪೌಂಡ್. ಅಂದರೆ ಹಗ್ಗ 832ರಿಂದ 2,080 ಪೌಂಡ್ ಒಳಗೆ. ಅದಕ್ಕಿಂತ ಗಟ್ಟಿ ಹಗ್ಗವಾದರೆ ತುದಿಗೆ ಬೇಗ ಮುರಿಯುವ ಕೊಂಡಿ ಹಾಕಬೇಕು. ಎಳೆತ ಮಿತಿಮೀರಿದರೆ ವಿಮಾನಕ್ಕೆ ಏಟು ಬೀಳುವ ಮುಂಚೆ ಹಗ್ಗ ಹೋಗಬೇಕು, ಅಲ್ವಾ?

ಇನ್ನು ಶನಿವಾರದ ಹಾರಾಟ. ಎಳೆಯುವ ವಿಮಾನ ಸೂಪರ್ ಕಬ್‌ನ ಹಿಂದಿನ ಸೀಟಿನಲ್ಲಿ ಹಳೆಯ ಟೋ ಪೈಲಟ್ (ಗ್ಲೈಡರ್ ಎಳೆಯುವವರು) ಒಬ್ಬರು ಕೂತಿದ್ದರು. ಮೊದಲೆರಡು ಸಲ ಸಲೀಸಾಗಿತ್ತು. ಮೂರನೇ ಸಲ 1,500 ಅಡಿಯಲ್ಲಿ ಹಿಂದೆ ನೋಡುವ ಕನ್ನಡಿಯೊಳಗಿದ್ದ ಗ್ಲೈಡರ್ ಮೆಲ್ಲಗೆ ಮೇಲಕ್ಕೆ ಸರಿದು ಕಾಣೆಯಾಯಿತು. ಮರುಕ್ಷಣ ಯಾರೋ ಬಾಲ ಹಿಡಿದು ಎತ್ತಿದ ಹಾಗಾಯಿತು. ವಿಮಾನದ ಮೂತಿ ಬಾಗಿತು. ಸ್ಟಿಕ್ ಹೊಟ್ಟೆಯ ಹತ್ತಿರ ಬಂದರೂ ಏಳಲಿಲ್ಲ. ಕೈ ತಾನಾಗಿ ಹಗ್ಗ ಬಿಡುವ ಹಿಡಿಗೆ ಹೋಯಿತು. ಎಳೆಯುವಷ್ಟರಲ್ಲಿ ಗ್ಲೈಡರ್ ಕೆಳಗಿಳಿದು ಕನ್ನಡಿಗೆ ವಾಪಸ್ ಬಂತು. 3,000 ಅಡಿಯಲ್ಲಿ ಅದು ಹಗ್ಗ ಬಿಟ್ಟು ಬಲಕ್ಕೆ ತಿರುಗಿತು, ನಾನು ಎಡಕ್ಕೆ. ನೆಲದ ಹತ್ತಿರ ಹೀಗಾದಾಗ ಎತ್ತರ ಸಾಲದೆ ಪ್ರಾಣ ಕಳೆದುಕೊಂಡ ಟೋ ಪೈಲಟ್‌ಗಳಿದ್ದಾರೆ. ಇಳಿದ ಮೇಲೆ ಆ ಹಿರಿಯರು ಹೇಳಿದ್ದು ಒಂದೇ ಮಾತು: "ಕಾಣಲಿಲ್ಲ ಅಂದ್ರೆ ಕಾಯಬೇಡ, ಬಿಟ್ಟುಬಿಡು." ಆಮೇಲೆ ಸಹಿ ಹಾಕಿದರು.

ಈ ಅರ್ಹತೆ ಉಳಿಯಲು 24 ತಿಂಗಳೊಳಗೆ ಮತ್ತೆ ಮೂರು ಸಲ ಅರ್ಹ ಪೈಲಟ್ ಜೊತೆ ಎಳೆಯಬೇಕು. ಇಲ್ಲವೇ ಎಳೆಸಿಕೊಳ್ಳುವ ಗ್ಲೈಡರ್ ಅನ್ನು ಮೂರು ಸಲ ನಾನೇ ಹಾರಿಸಬೇಕು. ನನಗೆ ಎರಡನೆಯದೇ ಇಷ್ಟ. ಹಗ್ಗದ ಆ ತುದಿ ಹೇಗಿರುತ್ತದೆ ಅಂತ ತಿಳಿಯಲೇಬೇಕು. ಗ್ಲೈಡರ್ ಪಾಠಕ್ಕೆ ಹೆಸರು ಕೊಟ್ಟಿದ್ದೇನೆ.

ಮುಂದಿನ ವಾರ ಪೈಪರ್ ಪಾನಿ ವಿಮಾನದಲ್ಲಿ ಎಳೆಯುವ ಸರದಿ. ಅದಕ್ಕೆ ಒಂದೇ ಸೀಟು. ಹೊರಡುವ ಮುಂಚೆ ಕನ್ನಡಿಯನ್ನು ಇನ್ನಷ್ಟು ಮೇಲಕ್ಕೆ ತಿರುಗಿಸಿಕೊಳ್ಳಬೇಕು.