ಸೊನ್ನೆ, ಅನುಸ್ವಾರ ಮತ್ತು ಗೋಡೆಯ ಮೇಲಿದ್ದ ಚಾರ್ಟು

ನಮ್ಮ ಪ್ರಕಾಶನದ ಹಳೆಯ ಪುಸ್ತಕಗಳೆಲ್ಲ ಕನ್ನಡ ಟೈಪ್ ಮಾಡುವ ನುಡಿ ಮತ್ತು ಶ್ರೀಲಿಪಿ ತಂತ್ರಾಂಶಗಳ ಫೈಲುಗಳಲ್ಲಿದ್ದವು. ಅವನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್, ಫೋನುಗಳೂ ಓದಬಲ್ಲ ಅಕ್ಷರ ಸಂಕೇತಕ್ಕೆ) ತರುವ ಕೆಲಸ 2019ರ ಜೂನ್‌ನಲ್ಲಿ ನನ್ನ ಪಾಲಿಗೆ ಬಂತು. ನನ್ನನ್ನೂ ಸೇರಿಸಿ ಐದು ಜನ. ಮುಗಿದಾಗ 2022ರ ಆಗಸ್ಟ್.

‘ಕನ್ವರ್ಟರ್ ಇದೆಯಲ್ಲ, ಬಟನ್ ಒತ್ತಿದರೆ ಆಯ್ತು ಅಲ್ವಾ?’ ಅಂತ ಬಹಳ ಜನ ಕೇಳಿದರು. ಆಗಲ್ಲ. ‘ಕರ್ನಾಟಕ’ ಬರೆಯುವಾಗ ನಾವು ‘ನಾ’ ಬರೆದು ಆಮೇಲೆ ಅರ್ಕಾವತ್ತು ಹಾಕುತ್ತೇವೆ. ನುಡಿ ಫೈಲಿನಲ್ಲೂ ಅದೇ ಕ್ರಮ. ಯೂನಿಕೋಡ್‌ನಲ್ಲಿ ಬಾಯಲ್ಲಿ ಬರುವ ಹಾಗೆ ‘ರ್’ ಮೊದಲು, ‘ನಾ’ ಆಮೇಲೆ. ಇದನ್ನೇನೋ ಕನ್ವರ್ಟರ್ ಸರಿ ಮಾಡುತ್ತಿತ್ತು. ಆದರೆ ‘ಬ್ಯಾಂಕ್‌ನಲ್ಲಿ’ ಹೋಗಿ ‘ಬ್ಯಾಂಕ್ನಲ್ಲಿ’ ಆಗಿರುತ್ತಿತ್ತು. ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಕೂರಿಸಬೇಕು. ಎಲ್ಲೆಲ್ಲಿ ಅನ್ನುವುದು ಓದಿದವರಿಗೇ ಗೊತ್ತಾಗುವುದು.

ಮೊದಲ ತಿಂಗಳೇ ಗೋಡೆಗೆ ಒಂದು ಚಾರ್ಟು ಅಂಟಿಸಿದ್ದೆ. ದಿನಕ್ಕೆ ಯಾರು ಎಷ್ಟು ಪುಟ ಮುಗಿಸಿದರು ಅನ್ನುವ ಲೆಕ್ಕ. ಅಂಕಿ ಏರುತ್ತಾ ಹೋಯಿತು. ನನಗೂ ಸಮಾಧಾನ.

ಡಿಸೆಂಬರ್‌ನಲ್ಲಿ ಒಂದು ಮಧ್ಯಾಹ್ನ ನಮ್ಮ ಪ್ರೂಫ್ ನೋಡುವ ಮೇಷ್ಟ್ರು ಕರೆದರು. ‘ಮೇಡಂ, ಇಲ್ಲಿ ನೋಡಿ. ಬೆಂಗಳೂರು ಅಂತ ಕಣ್ಣಿಗೆ ಕಾಣ್ತಿದೆ, ಹುಡುಕಿದ್ರೆ ಸಿಗ್ತಿಲ್ಲ.’ ಪರದೆ ದೊಡ್ಡದು ಮಾಡಿ ನೋಡಿದೆವು. ಹಿಂದೆ ಟೈಪ್ ಮಾಡಿದವರು ಯಾರೋ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತಿದ್ದರು. ಎರಡೂ ಒಂದೇ ಥರ ದುಂಡಗೆ. ಕಾಗದದ ಮೇಲೆ ಏನೂ ತೊಂದರೆಯಿಲ್ಲ. ಕಂಪ್ಯೂಟರ್‌ಗೆ ಮಾತ್ರ ಅದು ಬೇರೆಯೇ ಪದ. ಅಷ್ಟರಲ್ಲಿ 31 ಪುಸ್ತಕ ‘ಮುಗಿದಿದ್ದವು’.

ಆಗ ಡಿಟಿಪಿ ಹುಡುಗಿ ಮೆಲ್ಲಗೆ ಹೇಳಿದಳು: ‘ನಾನು ಮೂರನೇ ಪುಸ್ತಕದಲ್ಲೇ ನೋಡಿದ್ದೆ ಮೇಡಂ. ಕೇಳ್ತಾ ಕೂತ್ರೆ ಆವತ್ತಿನ ಪುಟ ಕಮ್ಮಿ ಆಗುತ್ತಲ್ಲ ಅಂತ ಸುಮ್ನಾದೆ.’

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಸೊನ್ನೆಗಳನ್ನು ತಿದ್ದಲು ಅರ್ಧ ದಿನ ಸಾಕಾಯಿತು: ಅಕ್ಷರದ ಪಕ್ಕ ಕೂತ ಸೊನ್ನೆ ಹುಡುಕಿ ಬದಲಾಯಿಸಿದರೆ ಆಯಿತು. ಆದರೆ ಅವಳು ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದು ನಾನು ಅಂಟಿಸಿದ ಚಾರ್ಟಿನಿಂದ. ಅದನ್ನು ಅವತ್ತು ಸಂಜೆಯೇ ಕಿತ್ತೆ.

ಅದರ ಬದಲು ಒಂದು ಉದ್ದನೆಯ ರೂಲ್ಡ್ ಪುಸ್ತಕ ತಂದಿಟ್ಟೆ. ಅನುಮಾನ ಬಂದರೆ ಪುಟದ ಸಂಖ್ಯೆ, ಪದ, ಬರೆದವರ ಹೆಸರು. ಶುಕ್ರವಾರ ನಾಲ್ಕರ ಮೇಲೆ ಚಹಾ ತರಿಸಿಕೊಂಡು ಎಲ್ಲರೂ ಕೂತು ಓದುವುದು, ಏನು ಮಾಡಬೇಕು ಅಂತ ಅಲ್ಲೇ ಬರೆಯುವುದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಅನುಮಾನಗಳು ವಾಟ್ಸಾಪ್‌ನಲ್ಲಿ ಬಂದವು, ನಾನು ಮನೆಯಲ್ಲಿ ಕೂತು ಆ ಪುಸ್ತಕಕ್ಕೇ ಇಳಿಸುತ್ತಿದ್ದೆ.

ಎರಡನೇ ವರ್ಷ ನಿಜಕ್ಕೂ ಕಷ್ಟವಾಯಿತು. ಹೊಸತು ಅನ್ನುವುದು ಉಳಿದಿರಲಿಲ್ಲ, ದಡವೂ ಕಾಣುತ್ತಿರಲಿಲ್ಲ. ಆಗ ಒಂದೊಂದು ಪುಸ್ತಕ ಮುಗಿದಾಗಲೂ ಅದನ್ನು ಫೋನಿನಲ್ಲಿ ತೆರೆದು, ಒಬ್ಬೊಬ್ಬರೂ ತಮಗೆ ಬೇಕಾದ ಪದ ಹುಡುಕುತ್ತಿದ್ದೆವು. ಮೇಷ್ಟ್ರು ಪ್ರತಿ ಸಲವೂ ‘ಬೆಂಗಳೂರು’ ಅಂತಲೇ ಹುಡುಕುತ್ತಿದ್ದರು.

ಕೊನೆಯ ಶುಕ್ರವಾರ ಆ ರೂಲ್ಡ್ ಪುಸ್ತಕದಲ್ಲಿ ಒಂದೇ ಅನುಮಾನ ಇತ್ತು: ‘ರ‍್ಯಾಂಕ್’ ಅನ್ನುವಲ್ಲಿ ‘ರ’ ಹಾಗೇ ಉಳಿಯಬೇಕೋ, ಅರ್ಕಾವತ್ತಾಗಬೇಕೋ? ಅದರ ಮೇಲೇ ಅರ್ಧ ಗಂಟೆ ಮಾತಾಡಿದೆವು. ಬರೆದಿದ್ದವಳು ಅದೇ ಹುಡುಗಿ.