ತುಟಿ ಊದಿತ್ತು, ಟ್ರೊಂಬೋನ್ ಊದಲಿಲ್ಲ

"ಗ್ರಾಮರ್ ಸ್ಕೂಲ್ ಅಂದ್ರೆ ಬರೀ ವ್ಯಾಕರಣ ಹೇಳ್ಕೊಡ್ತಾರಾ?" ಅಂತ ಅಮ್ಮ ಮೈಸೂರಿನಿಂದ ಫೋನಿನಲ್ಲಿ ಕೇಳಿದ್ದರು. ಪ್ರಶ್ನೆ ತಪ್ಪೇನಲ್ಲ. ಒಂದು ಕಾಲಕ್ಕೆ ಇಂಥ ಶಾಲೆಗಳಲ್ಲಿ ಲ್ಯಾಟಿನ್ ವ್ಯಾಕರಣವನ್ನೇ ಉರು ಹೊಡೆಸುತ್ತಿದ್ದರು. ಈಗ ಇಂಗ್ಲೆಂಡಿನಲ್ಲಿ ಉಳಿದಿರುವುದು 163. ಫೀಸಿಲ್ಲದ ಸರ್ಕಾರಿ ಶಾಲೆಗಳೇ, ಆದರೆ ಸೇರಬೇಕಾದರೆ ಪರೀಕ್ಷೆ ಪಾಸಾಗಬೇಕು. ನಾವಿರುವ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ 121 ಅಂಕ ಬೇಕು. ಓದಿಸಿ ಓದಿಸಿ ಮಗಳಿಗಿಂತ ನನಗೇ ಜಾಸ್ತಿ ಸುಸ್ತಾಗಿತ್ತು. ಸೀಟು ಸಿಕ್ಕ ಮೇಲೆ ಶನಿವಾರಗಳೆಲ್ಲ ಮೈದಾನದ ಅಂಚಿನಲ್ಲೇ ಕಳೆದುಹೋಗುತ್ತವೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ಆ ಡಿಸೆಂಬರ್ ಶನಿವಾರ ಬೆಳಿಗ್ಗೆ ಮಗಳ ಹಾಕಿ ಪಂದ್ಯ, ಸಂಜೆ ಕ್ರಿಸ್‌ಮಸ್ ಸಂಗೀತ ಕಚೇರಿ. ಪಕ್ಕದ ಮೈದಾನದಲ್ಲಿ ಹುಡುಗರ ರಗ್ಬಿ. ನಾನು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಚೆಂಡು ಎಗರಿ ಮಗಳ ಬಾಯಿಗೆ ಬಡಿಯಿತು. ಮೌತ್‌ಗಾರ್ಡ್ ಇತ್ತು, ಹಲ್ಲು ಉಳಿಯಿತು. ತುಟಿ ಮಾತ್ರ ಗುಳಿಯಪ್ಪದ ಹಾಗೆ ಊದಿಕೊಂಡಿತು.

ಅವಳು ನುಡಿಸುವುದು ಟ್ರೊಂಬೋನ್. ವೀಣೆ ಕಲೀಲಿ ಅಂತ ನಾನಂದುಕೊಂಡಿದ್ದೆ, ಇವಳು ತನ್ನಷ್ಟೇ ಎತ್ತರದ ಈ ಕೊಳವೆ ಹೊತ್ತು ತಂದಿದ್ದಳು. ತುಟಿ ಅದುರಿಸದೆ ಅದರಲ್ಲಿ ಸ್ವರ ಹುಟ್ಟುವುದಿಲ್ಲ. ಕಾರಿನಲ್ಲಿ ಐಸ್ ಒತ್ತಿಕೊಂಡು ಅಳುತ್ತಿದ್ದಳು, ನೋವಿಗಲ್ಲ.

ಸಂಗೀತದ ಮೇಷ್ಟ್ರು ತುಟಿ ನೋಡಿದರು, ಪೆಟ್ಟಿಗೆಯಿಂದ ಒಂದು ಟ್ರಯಾಂಗಲ್, ಅಂದರೆ ಕಡ್ಡಿಯಲ್ಲಿ ಬಡಿಯುವ ಲೋಹದ ತ್ರಿಕೋನ, ತೆಗೆದು ಕೈಗಿಟ್ಟರು. "32 ಬಾರ್ ಸುಮ್ನೆ ನಿಂತ್ಕೋಬೇಕಂತೆ ಅಮ್ಮ. ಆಮೇಲೆ ಒಂದೇ ಒಂದು ಸಲ ಹೊಡೀಬೇಕು" ಅಂದಳು. ಬಾರ್ ಅಂದರೆ ಅವರ ಸಂಗೀತದಲ್ಲಿ ತಾಳದ ಒಂದು ಸುತ್ತು. ಅವಳ ಮುಖ ಸಣ್ಣದಾಗಿತ್ತು.

ಸಂಜೆ ವೇದಿಕೆ ನೋಡಿ ನನಗೆ ನಗು. ಬೆಳಿಗ್ಗೆ ಕೆಸರಲ್ಲಿ ಉರುಳಾಡಿದ್ದ ದಪ್ಪ ಹುಡುಗನೊಬ್ಬ ಕಿವಿಗೆ ಪ್ಲಾಸ್ಟರ್ ಹಾಕಿಕೊಂಡು, ಬಿಳಿ ಶರ್ಟಿನಲ್ಲಿ ಕೊಳಲು ಹಿಡಿದು ಕೂತಿದ್ದ. ಅವನ ಪಕ್ಕದ ಹುಡುಗಿ ಅವನ ಹಾಳೆ ತಿರುವಿಕೊಡುತ್ತಿದ್ದಳು. ನಾನು ಓದಿದ ಶಾಲೆಯಲ್ಲಿ ಹುಡುಗ ಹುಡುಗಿ ಒಂದೇ ಬೆಂಚಲ್ಲಿ ಕೂತರೆ ಅದೇ ಒಂದು ಶಿಕ್ಷೆ!

ನಾಲ್ಕು ಎಣಿಕೆಯ 32 ಬಾರ್ ಅಂದರೆ ಆದಿತಾಳದಲ್ಲಿ 16 ಆವರ್ತ, ಅಲ್ವಾ? ತೊಡೆಯ ಮೇಲೆ ತಟ್ಟಿ, ಬೆರಳು ಎಣಿಸುತ್ತಾ ಹೋದೆ. ಮಗಳು ಹಿಂದಿನ ಸಾಲಿನಲ್ಲಿ ಟ್ರಯಾಂಗಲ್ ಎತ್ತಿ ಹಿಡಿದು ನಿಂತಿದ್ದಳು, ತುಟಿ ಮಾತ್ರ ಸಣ್ಣಗೆ ಅಲ್ಲಾಡುತ್ತಿತ್ತು. ನನ್ನ ಲೆಕ್ಕದಲ್ಲಿ ಇನ್ನೂ ಮೂರು ಎಣಿಕೆ ಬಾಕಿ. ಅಷ್ಟರಲ್ಲೇ ಟಿಂಗ್ ಅಂದಿತು. ಎದೆ ಧಸಕ್ ಅಂತು.

ಮನೆಗೆ ಬರುವಾಗ ಮೆಲ್ಲಗೆ ಕೇಳಿದೆ, "ಸ್ವಲ್ಪ ಬೇಗ ಹೊಡೆದ್ಯಾ?"

"ನೀನೇ ನಡುವೆ ಅಪ್ಪನ ಹತ್ರ ಮಾತಾಡಿದೆ ಅಮ್ಮ. ಕಾಣ್ತಿತ್ತು ನಂಗೆ."